ಮನೆಯಲ್ಲಿ ಬದಲಾವಣೆಯೋ, ಗುಂಪಿನ ಕೆಲಸವೋ?

ನಾವು ಗಾಳಿಗೆ ಬಿಡುವ ಕಾರ್ಬನ್ ಕಡಿಮೆ ಮಾಡೋಕೆ ಮನೆಯಲ್ಲಿ ನಮ್ಮ ಅಭ್ಯಾಸ ಬದಲಿಸೋದಾ, ಪರಿಸರಕ್ಕಾಗಿ ಕೆಲಸ ಮಾಡುವ ಗುಂಪು ಸೇರೋದಾ ಅಂತ ಕೇಳಿದ್ದೀರಿ.

ಬೇಗ ಆಗಬೇಕೆಂದರೆ ಮನೆಯೇ ಸರಿ. ಯಾರ ಒಪ್ಪಿಗೆಯೂ ಬೇಡ. ಆದರೆ ಏನನ್ನು ಬದಲಿಸುತ್ತೀರಿ ಅನ್ನೋದು ಮುಖ್ಯ. ಚಾರ್ಜರ್ ಕಿತ್ತಿಟ್ಟರೆ ಉಳಿಯೋದು ಚಿಲ್ಲರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಹಾಗಾಗಿ ಹೆಚ್ಚು ಹೊರೆ ಹಾಕುವ ಓಡಾಟ, ವಿಮಾನ, ದನದ ಮಾಂಸ, ಎಸಿ ಇವನ್ನೇ ಮೊದಲು ನೋಡಿ.

ಖರ್ಚಿನ ಮಾತು ಬೇರೆ. ನಡೆದರೆ ದುಡ್ಡು ಉಳಿಯುತ್ತದೆ, ಸೋಲಾರ್‌ಗೆ ಮೊದಲೇ ಸುರಿಯಬೇಕು. ಬಾಡಿಗೆ ಮನೆಯವರಿಗೆ ಚಾವಣಿಯೇ ತಮ್ಮದಲ್ಲ ಅಲ್ವಾ?

ಗುಂಪಿನಲ್ಲಿ ದುಡ್ಡಿಗಿಂತ ತಾಳ್ಮೆ ಜಾಸ್ತಿ ಖರ್ಚು. ಮೀಟಿಂಗ್, ಮನವಿ, ಮತ್ತೆ ಮೀಟಿಂಗ್! ಆದರೆ ಕರೆಂಟು ಕಲ್ಲಿದ್ದಲಿನಿಂದ ಬರಬೇಕಾ, ಗಾಳಿಯಿಂದಲಾ ಅನ್ನೋದನ್ನು ಒಬ್ಬರೇ ತೀರ್ಮಾನಿಸೋಕಾಗಲ್ಲ. ಬಾಳಿಕೆಯೂ ಗುಂಪಿನ ಕೆಲಸದ್ದೇ ಹೆಚ್ಚು. ಕೆಲಸ ಬದಲಾದರೆ ನಿಮ್ಮ ಸೈಕಲ್ ಮೂಲೆ ಸೇರಬಹುದು, ಗುಂಪು ಕೇಳಿ ಮಾಡಿಸಿದ ಸೈಕಲ್ ದಾರಿ ಮಾತ್ರ ಎಲ್ಲರಿಗೂ ಉಳಿಯುತ್ತದೆ.

ಕಾರು, ವಿಮಾನ ಜಾಸ್ತಿ ಬಳಸುವವರು ಮನೆಯಿಂದ ಶುರುಮಾಡಿ. ಈಗಾಗಲೇ ಬಸ್ಸಿನಲ್ಲೇ ಓಡಾಡುವವರಿಗೆ ಕಡಿತ ಮಾಡೋಕೆ ಹೆಚ್ಚೇನೂ ಇಲ್ಲ. ಅಂಥವರು ಸುಮ್ನೆ ತಪ್ಪಿತಸ್ಥರ ಥರ ಕೂರದೆ ತಿಂಗಳಿಗೊಂದು ಸಂಜೆ ಗುಂಪಿಗೆ ಕೊಡಲಿ.