ಹಸಿರು ವೈರ್ ಎಳೆದು ನೋಡಿ, ಆಮೇಲೆ ದುಡ್ಡು ಕೊಡಿ

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವೈರ್ ಎಳೆದಾಗಿದೆ, ಪೇಂಟಿಂಗ್ ಇನ್ನೂ ಆಗಿಲ್ಲ ಅನ್ನೋರು ಇವತ್ತೇ ಓದಿ. ಹಸಿರು ವೈರ್ ಅಂದರೆ ಅರ್ಥ್ ವೈರ್, ಶಾಕ್ ಹೊಡೆಯದಂತೆ ಕಾಯುವುದು.

ಬರೆಯೋದೋ ಬೇಡವೋ ಅಂತ ಎರಡು ವಾರ ಸುಮ್ನೆ ಇದ್ದೆ. ನಾಚಿಕೆಯಾಗುತ್ತಿತ್ತು. ದಿನಾ ಸೈಟಿಗೆ ಹೋಗಿ ಮುಂದೆ ನಿಂತು ಕೆಲಸ ಮಾಡಿಸಿದವಳು ನಾನು. ಸಿಮೆಂಟ್ ಚೀಲ ಎಣಿಸಿದೆ, ಕಬ್ಬಿಣ ತೂಕ ಮಾಡಿಸಿದೆ. ಮರಳಿನ ಲಾರಿ ಬಂದರೆ ಮೇಲೆ ಹತ್ತಿ ನೋಡುತ್ತಿದ್ದೆ. ಅಂಥವಳಿಗೇ ಹೀಗಾಯಿತು. ಗೋಡೆಯ ಒಳಗೆ ಹೋಗೋದನ್ನು ಮಾತ್ರ ನೋಡಲಿಲ್ಲ.

ನಮ್ಮದು ದಾವಣಗೆರೆಯಲ್ಲಿ 30-40 ಸೈಟು. ಒಂದೇ ಅಂತಸ್ತು, ಎರಡು ಬೆಡ್‌ರೂಮು. ನಮ್ಮ ಯಜಮಾನರು ಬಳ್ಳಾರಿಯಲ್ಲಿ ಕೆಲಸದಲ್ಲಿದ್ದಾರೆ, ಭಾನುವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಾರೆ. ಹಾಗಾಗಿ ಎಲ್ಲ ನನ್ನ ಮೇಲೆ. ಎಲೆಕ್ಟ್ರಿಷಿಯನ್‌ನ ಹೆಸರು ಇಲ್ಲಿ ಹಾಕುವುದಿಲ್ಲ. ಪರಿಚಯದವರೇ ಹೇಳಿ ಕಳಿಸಿದ್ದರು. ಮಾತು ಬಹಳ ಮೃದು. "ಅಕ್ಕಾರೆ, ನಮ್ಮ ಮನೆ ಅಂದ್ಕೊಂಡು ಮಾಡ್ತೀನಿ" ಅಂದ. ನಾನೂ ತಮ್ಮಾ ಅಂತಲೇ ಕರೆಯುತ್ತಿದ್ದೆ. ಲೇಬರ್ ಮಾತ್ರ 62,000ಕ್ಕೆ ಮಾತಾಯಿತು. ಸಾಮಾನು ನಮ್ಮದು. ಸಂಜೆಯಾದರೆ ಅವನಿಗೂ ಅವನ ಹುಡುಗರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿ ಕೊಡುತ್ತಿದ್ದೆ. ಇದನ್ನು ಲೆಕ್ಕ ಹೇಳೋಕೆ ಬರೆದಿಲ್ಲ. ಅನ್ನ ಉಂಡ ಮನೆಗೆ ಹೀಗೆ ಮಾಡ್ತಾರಾ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ, ಅದಕ್ಕೆ.

ಮೊದಲ ಸೂಚನೆ ಸ್ಲ್ಯಾಬ್ ಹಾಕುವಾಗಲೇ ಸಿಕ್ಕಿತ್ತು. ಕಬ್ಬಿಣ ಕಟ್ಟಿದ ಮೇಲೆ ಪೈಪ್ ಹಾಸಿದ. 25 ಎಂಎಂ, ಮೀಡಿಯಂ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಬಂದದ್ದು ಅದಕ್ಕಿಂತ ತೆಳುವಾದ ಲೈಟ್ ಪೈಪು. ಬೆರಳಲ್ಲಿ ಅದುಮಿದರೆ ಒಳಗೆ ಹೋಗುತ್ತಿತ್ತು. ಕೇಳಿದೆ. "ಕಾಂಕ್ರೀಟ್ ಒಳಗೆ ಕೂತ ಮೇಲೆ ಯಾವ ಪೈಪ್ ಆದ್ರೇನು ಅಕ್ಕಾರೆ, ಎಲ್ಲ ಕಲ್ಲೇ" ಅಂದ. ಸರಿ ಅಂದುಕೊಂಡೆ. ಕಾಂಕ್ರೀಟ್ ಹಾಕುವ ದಿನ ಅವನು ಬರಲೇ ಇಲ್ಲ, ಒಬ್ಬ ಹುಡುಗನನ್ನು ಕಳಿಸಿದ್ದ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಸಣ್ಣ ರೂಮಿನ ಫ್ಯಾನ್ ಬಾಕ್ಸೇ ಕಾಣುತ್ತಿಲ್ಲ. ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ ಹುಡುಕಿದರು. ಒಂದು ಪೈಪಿನೊಳಗೆ ಸಿಮೆಂಟ್ ಹಾಲು ಇಳಿದು ಗಟ್ಟಿಯಾಗಿತ್ತು. ಆವತ್ತೇ ಅವನನ್ನು ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಮಧ್ಯದಲ್ಲಿ ಬಿಟ್ಟರೆ ಇನ್ನೊಬ್ಬರು ಆ ಕೆಲಸ ಮುಟ್ಟಲ್ಲ, ನಿಮಗೇ ಗೊತ್ತಲ್ಲ.

ಆಮೇಲೆ ಗೋಡೆ ಕಟ್ ಮಾಡಿದ, ಬಾಕ್ಸ್ ಕೂರಿಸಿದ, ಗೌಂಡಿಗಳು ಗಿಲಾವು ಮುಗಿಸಿದರು. ವೈರ್ ತರಲು ಅವನೇ ಅಂಗಡಿಗೆ ಕರೆದುಕೊಂಡು ಹೋದ. ಕೆಂಪು, ಕಪ್ಪು, ಹಸಿರು, ಎಲ್ಲ ಐಎಸ್‌ಐ ಗುರುತಿನದೇ. ಲೈಟಿಗೆ 1.5 ಚದರ ಎಂಎಂ ದಪ್ಪದ್ದು, ಪವರ್ ಪಾಯಿಂಟಿಗೆ 2.5, ಗೀಸರ್‌ಗೆ 4. ವೈರಿನಲ್ಲಿ ಮೋಸ ಇರಲಿಲ್ಲ, ಅದನ್ನು ಹೇಳಲೇಬೇಕು. ಹಸಿರು 2.5ರದು ಎರಡು ಕಾಯಿಲ್ ತಂದೆವು. ಒಂದು ಕಾಯಿಲ್ ಅಂದರೆ 90 ಮೀಟರ್. ಎರಡಕ್ಕೆ 180 ಮೀಟರ್. ಈ ಲೆಕ್ಕ ನೆನಪಿಟ್ಟುಕೊಳ್ಳಿ.

ನಾಲ್ಕು ದಿನದಲ್ಲಿ ವೈರ್ ಎಳೆದು ಮುಗಿಸಿದ. ಪ್ರತಿ ಬಾಕ್ಸ್‌ನಲ್ಲೂ ವೈರಿನ ತುದಿಗಳು ಸುತ್ತಿ ಇಟ್ಟಿದ್ದವು. ಪವರ್ ಪಾಯಿಂಟ್‌ಗಳಲ್ಲಿ ಕೆಂಪು, ಕಪ್ಪು, ಹಸಿರು ಮೂರೂ ಇದ್ದವು. ನಾನು ಒಂದೊಂದಾಗಿ ನೋಡಿದೆ. ಫೋಟೋನೂ ತೆಗೆದೆ. ಯಜಮಾನರಿಗೆ ವಾಟ್ಸಾಪ್‌ನಲ್ಲಿ ಕಳಿಸಿ "ನೋಡ್ರಿ, ಎಷ್ಟು ನೀಟಾಗಿ ಮಾಡಿದಾನೆ" ಅಂತ ಬರೆದೆ. ಆ ಮೆಸೇಜ್ ಈಗಲೂ ಫೋನಿನಲ್ಲಿದೆ. ಓದಿದರೆ ಮುಖ ಬಿಸಿಯಾಗುತ್ತೆ. ಅಷ್ಟು ಹೊತ್ತಿಗೆ 48,000 ಕೊಟ್ಟಾಗಿತ್ತು.

ಅದಾದ ಮೇಲೆ ಅಡುಗೆಮನೆ ಟೈಲ್ಸ್ ಆಯಿತು, ಗೋಡೆಗೆ ಪುಟ್ಟಿ ಆಯಿತು. ಆಗ ಹೊಳಲ್ಕೆರೆಯಿಂದ ನಮ್ಮ ಚಿಕ್ಕಪ್ಪ ಮನೆ ನೋಡಲು ಬಂದರು. ಲೈನ್ ಕೆಲಸದಲ್ಲೇ ತಲೆ ಬೆಳ್ಳಗಾದವರು. ಬೆಸ್ಕಾಂ ಬಂದು 20 ವರ್ಷದ ಮೇಲಾದರೂ ಅವರ ಬಾಯಲ್ಲಿ ಇನ್ನೂ ಕೆಇಬಿಯೇ. ಮನೆ ಎಲ್ಲ ಸುತ್ತಿ, ಎಲ್ಲ ವೈರ್ ಬಂದು ಸೇರುವ ಮೇನ್ ಡಿಬಿ ಬಾಕ್ಸ್ ಹತ್ತಿರ ನಿಂತರು. ಕನ್ನಡಕ ಏರಿಸಿಕೊಂಡು ವೈರ್ ಎಣಿಸಿದರು.

"ಪವರ್ ಪಾಯಿಂಟ್ ಎಷ್ಟವ್ವ?"

"ಎಂಟು ಚಿಕ್ಕಪ್ಪ."

"ಇಲ್ಲಿ ಹಸಿರು ಮೂರೇ ಅದಾವಲ್ಲ."

ಒಂದರಿಂದ ಇನ್ನೊಂದಕ್ಕೆ ಲೂಪ್ ಮಾಡಿರಬಹುದು ಅಂತ ಅವರೇ ಅಂದರು. ಅಡುಗೆಮನೆಗೆ ಹೋದೆವು. ಫ್ರಿಡ್ಜ್ ಪಾಯಿಂಟಿನ ಬಾಕ್ಸಿಗೆ ಕೈ ಹಾಕಿದರು. ಕರೆಂಟ್ ಇನ್ನೂ ಕೊಟ್ಟಿರಲಿಲ್ಲ. ಕೆಂಪು ವೈರ್ ಎಳೆದರು, ಅಲ್ಲಾಡಲಿಲ್ಲ. ಕಪ್ಪು ಎಳೆದರು, ಅದೂ ಬಿಗಿಯಾಗಿತ್ತು. ಹಸಿರು ಎಳೆದರು.

ಬಂತು. ಸೀದಾ ಕೈಗೆ ಬಂತು. ಒಂದು ಗೇಣು ವೈರು!

ಒಳಗಿನ ತುದಿಯನ್ನು ಕೊಕ್ಕೆ ಹಾಗೆ ಬಗ್ಗಿಸಿದ್ದ, ಪೈಪಿನ ಬಾಯಿಗೆ ಸಿಕ್ಕಿಕೊಂಡು ಇರಲಿ ಅಂತ. ಅದನ್ನೇ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಮರೆತಿದ್ದರೆ ಹಸಿರು ಇರುತ್ತಲೇ ಇರಲಿಲ್ಲ. ವೈರ್ ಸಾಲದೆ ಬಿಟ್ಟಿದ್ದರೆ ಹೇಳಬಹುದಿತ್ತು. ಇವನು ಗೇಣುದ್ದ ತುಂಡು ಕತ್ತರಿಸಿ, ತುದಿ ಬಗ್ಗಿಸಿ, ಪೈಪಿಗೆ ತುರುಕಿ, ಹೊರಗಿನ ತುದಿಯನ್ನು ಉಳಿದ ಎರಡರ ಜೊತೆ ಚೆಂದ ಮಾಡಿ ಸುತ್ತಿಟ್ಟಿದ್ದಾನೆ. ಕೂತು ಮಾಡಿದ ಕೆಲಸ ಅದು. ನನಗೆ ತೋರಿಸೋಕೆ ಅಂತಲೇ ಮಾಡಿದ ಕೆಲಸ. ನಾನು ನೋಡಿ ಖುಷಿಪಟ್ಟು ಫೋಟೋ ತೆಗೆದೆ.

ಆಮೇಲೆ ಒಂದೊಂದೇ ಬಾಕ್ಸ್ ನೋಡಿದೆವು. ವಾಷಿಂಗ್ ಮಷಿನ್ ಪಾಯಿಂಟ್, ಗೇಣು. ದೊಡ್ಡ ಬೆಡ್‌ರೂಮ್ ಎಸಿ ಪಾಯಿಂಟ್, ಗೇಣು. ಮಿಕ್ಸಿ ಪಾಯಿಂಟ್, ಗೇಣು. ಕೊನೆಗೆ ಮಕ್ಕಳ ಬಾತ್‌ರೂಮಿನ ಗೀಸರ್. ಅಲ್ಲಿ ಎಳೆಯುವ ಮೊದಲೇ ನನ್ನ ಕೈ ನಡುಗುತ್ತಿತ್ತು. ಅದೂ ಗೇಣು. ಎಂಟರಲ್ಲಿ ಐದು ಸುಳ್ಳು. ಗೀಸರ್‌ಗೂ ಹಾಗೆ ಮಾಡಿದ್ದಾನೆ ಅಂದರೆ ಏನು ಹೇಳೋದು ನೀವೇ ಹೇಳಿ.

ಚಿಕ್ಕಪ್ಪ ಅಲ್ಲೇ ಸಿಮೆಂಟ್ ಚೀಲದ ಮೇಲೆ ಕೂತು ಹೇಳಿದರು. ಗೀಸರ್ ಒಳಗೆ ಏನಾದರೂ ಕೆಟ್ಟು ಕರೆಂಟ್ ಅದರ ಮೈಗೆ ಬಂದರೆ, ಹಸಿರು ವೈರ್ ಇದ್ದರೆ ಅದು ಆ ದಾರಿ ಹಿಡಿದು ಭೂಮಿಗೆ ಹೋಗುತ್ತೆ, ಹೋಗುವಾಗಲೇ ಟ್ರಿಪ್ ಆಗುತ್ತೆ. ಹಸಿರು ಇಲ್ಲದಿದ್ದರೆ ಕರೆಂಟ್ ಅಲ್ಲೇ ಕಾಯುತ್ತಾ ಇರುತ್ತೆ, ಯಾರಾದರೂ ಒದ್ದೆ ಕೈಯಲ್ಲಿ ಮುಟ್ಟುವವರೆಗೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಉಳಿದೆರಡಕ್ಕಿಂತ ಉದ್ದ ಯಾಕಿರುತ್ತೆ ಗೊತ್ತಾ? ಸಾಕೆಟ್ಟಿನಲ್ಲಿ ಅರ್ಥ್ ಎಲ್ಲಕ್ಕಿಂತ ಮೊದಲು ಕೂಡಲಿ ಅಂತ. ಇಷ್ಟು ವರ್ಷ ಆ ಪ್ಲಗ್ ಹಾಕಿ ತೆಗೆದು ಮಾಡಿದ್ದೇನೆ, ನನಗೆ ಗೊತ್ತಿರಲಿಲ್ಲ.

ಹೊರಗೆ ಅರ್ಥಿಂಗ್ ಗುಂಡಿ ಮಾತ್ರ ಬಲು ಚೆನ್ನಾಗಿ ಮಾಡಿದ್ದ. ಪೈಪು, ಇದ್ದಿಲು, ಉಪ್ಪು, ಮೇಲೆ ಮುಚ್ಚಳ. ಅದಕ್ಕೆ ಬೇರೆ ದುಡ್ಡು ತಗೊಂಡಿದ್ದ. ಗುಂಡಿ ಇದೆ, ಗುಂಡಿಯಿಂದ ಆ ಐದು ಪಾಯಿಂಟಿಗೆ ಹೋಗೋ ವೈರೇ ಇಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಮೊದಲು ಅಂದದ್ದು: "ನೀವು ಎಳೆದಿದ್ದಕ್ಕೇ ಬಂದೈತೆ ಅಕ್ಕಾರೆ. ಎಳೀಬಾರ್ದಿತ್ತು." ಎಳೆದದ್ದು ತಪ್ಪಂತೆ! ಕೆಂಪು ಎಳೆದರೆ ಯಾಕೆ ಬರಲಿಲ್ಲ ಅಂತ ಕೇಳಿದೆ. ಲೈನ್ ಕಟ್ಟಾಯಿತು. ಮತ್ತೆ ಮಾಡಿದೆ.

"ನಾನಲ್ಲ, ಹುಡುಗ್ರು ಮಾಡಿದಾರೆ. ವಿಚಾರಿಸ್ತೀನಿ."

ಎರಡು ಕಾಯಿಲ್ ಹಸಿರು ತಂದಿದ್ದೆವಲ್ಲ, ಎಲ್ಲಿ ಅಂದೆ. "ಎಳೀವಾಗ ವೇಸ್ಟ್ ಹೋಗುತ್ತೆ." ಒಂದು ಪೂರ್ತಿ ಕಾಯಿಲ್ ವೇಸ್ಟ್ ಹೋಗುತ್ತಾ? ತುಂಡುಗಳಾದರೂ ಸೈಟಿನಲ್ಲಿ ಬಿದ್ದಿರಬೇಕಲ್ವಾ? 2.5ರ ಕಾಯಿಲ್ ಒಂದರಲ್ಲಿ ತಾಮ್ರವೇ ಸುಮಾರು 2 ಕೆಜಿ ಇರುತ್ತೆ ಅಂತ ಚಿಕ್ಕಪ್ಪ ಲೆಕ್ಕ ಹಾಕಿ ಹೇಳಿದರು. ಅದು ಎಲ್ಲಿಗೆ ಹೋಯಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಮಾರನೇ ದಿನ ಅವನೇ ಫೋನ್ ಮಾಡಿದ. ದನಿ ಬದಲಾಗಿತ್ತು. "ಆರ್‌ಸಿಸಿಬಿ ಹಾಕ್ತೀವಲ್ಲ, ಅರ್ಥ್ ಯಾಕೆ? ಅರ್ಥ್ ಇಲ್ಲದ ಮನೆ ಊರಲ್ಲಿ ಎಷ್ಟು ಬೇಕು ತೋರಿಸ್ತೀನಿ ಬರ್ರಿ. ಯಾರು ಸತ್ತಾರೆ?" ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಆಫ್ ಮಾಡುವ ಸ್ವಿಚ್ಚು, ಮನೆಗೆ ಹಾಕೋದು 30 ಮಿಲಿ ಆಂಪ್‌ದು. ಅದು ಬೇಕೇ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅರ್ಥ್ ಇಲ್ಲದಿದ್ದರೆ ಅದು ಬೀಳಬೇಕಾದರೂ ಮೊದಲು ಯಾರದ್ದೋ ಮೈಯಲ್ಲಿ ಕರೆಂಟ್ ಹರಿಯಬೇಕು. ನನ್ನ ಮಗಳ ಮೈಯಲ್ಲಾ? ಹಾಗೇ ಕೇಳಿದೆ. ಅದಕ್ಕೆ ಅವನು ಅಂದದ್ದು: "ನಿಮಗೆ ಇದೆಲ್ಲ ತಿಳಿಯಲ್ಲ ಅಕ್ಕಾರೆ, ಅಣ್ಣಾರಿಗೆ ಫೋನ್ ಕೊಡ್ರಿ."

ಆ ಮಾತು ನನಗೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಚುಚ್ಚಿತು. ದಿನಾ ನನ್ನ ಕೈಯಿಂದ ದುಡ್ಡು ಎಣಿಸಿಕೊಳ್ಳುವಾಗ ಅಣ್ಣಾರು ಬೇಕಿರಲಿಲ್ಲ.

ಕೊನೆಗೆ ಬೆದರಿಕೆ. ಉಳಿದ 14,000 ಕೊಡದಿದ್ದರೆ ಬೆಸ್ಕಾಂಗೆ ಕೊಡುವ ಪೇಪರಿಗೆ ಸಹಿ ಹಾಕಿಸಲ್ಲವಂತೆ. ಲೈಸೆನ್ಸ್ ಇರುವ ಗುತ್ತಿಗೆದಾರರು ವೈರಿಂಗ್ ಸರಿ ಇದೆ ಅಂತ ಬರೆದುಕೊಡದೆ ಮನೆಗೆ ಮೀಟರ್ ಬರೋದಿಲ್ಲ. ಆಗ ಗೊತ್ತಾಯಿತು, ಇವನ ಹತ್ತಿರ ಲೈಸೆನ್ಸೇ ಇಲ್ಲ. ಬೇರೆ ಯಾರದ್ದೋ ಸಹಿ ತರುತ್ತಾನೆ. ಮನೆಯೊಳಗೆ ಕಾಲಿಡದವರು ಸರಿ ಇದೆ ಅಂತ ಬರೆದುಕೊಡುತ್ತಿದ್ದರು. ಈ ಐದು ಗೇಣು ವೈರಿಗೂ ಒಂದು ಸಹಿ ಬೀಳುತ್ತಿತ್ತು.

ಆ 14,000 ನಾನು ಕೊಟ್ಟಿಲ್ಲ. ಕೊಡುವುದೂ ಇಲ್ಲ.

ಲೈಸೆನ್ಸ್ ಇರುವ ಬೇರೆಯವರನ್ನು ಹಿಡಿದು ಮತ್ತೆ ಮಾಡಿಸಿದೆವು. ಎರಡು ಕಡೆ ಹಸಿರು ಸಲೀಸಾಗಿ ಹೋಯಿತು. ಮೂರು ಕಡೆ ಪೈಪ್ ಚಪ್ಪಟೆಯಾಗಿ ವೈರ್ ಎಳೆಯುವ ಸ್ಪ್ರಿಂಗೇ ಹೋಗಲಿಲ್ಲ. ಆ ಲೈಟ್ ಪೈಪಿನ ಫಲ. ಪುಟ್ಟಿ ಆದ ಗೋಡೆ ಮತ್ತೆ ಒಡೆದರು, ಅಡುಗೆಮನೆಯಲ್ಲಿ ನಾಲ್ಕು ಟೈಲ್ಸ್ ಹೋದವು. ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗಲಿಲ್ಲ. ಫ್ರಿಡ್ಜ್ ಹಿಂದೆ ಬರುತ್ತೆ, ಕಾಣಲ್ಲ ಅಂತಾರೆ. ನನಗೆ ಕಾಣುತ್ತೆ. ಎಲ್ಲ ಸೇರಿ 21,000 ಮೇಲೆ ಬಿತ್ತು. ಗೃಹಪ್ರವೇಶದ ದಿನ ಮುಂದಕ್ಕೆ ಹೋಯಿತು. ಅತ್ತೆ ಇವತ್ತಿಗೂ ಆ ಮಾತು ಎತ್ತುತ್ತಾರೆ.

ಹೊಸಬರು ಪ್ರತಿ ಪಾಯಿಂಟಿಗೂ ಮೀಟರ್ ಹಿಡಿದು, ಕರೆಂಟ್ ಸೋರುತ್ತಾ ಅಂತ ನೋಡುವ ಮೆಗ್ಗರ್ ಹಾಕಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರು. ಹೀಗೆ ತೋರಿಸದವರಿಗೆ ದುಡ್ಡು ಕೊಡಬೇಡಿ. ಸ್ಲ್ಯಾಬ್ ದಿನ ಎಲೆಕ್ಟ್ರಿಷಿಯನ್ ಬರದಿದ್ದರೆ ಕಾಂಕ್ರೀಟ್ ನಿಲ್ಲಿಸಿ. ಲೈಸೆನ್ಸ್ ಪ್ರತಿಯನ್ನು ಮಾತಿನ ದಿನವೇ ಕೇಳಿ, ಕೊನೆಗಲ್ಲ. ಟೈಲ್ಸ್, ಪುಟ್ಟಿ ಆಗುವ ಮೊದಲೇ ಡಿಬಿಯಲ್ಲಿ ಹಸಿರು ಎಣಿಸಿ. ಕರೆಂಟ್ ಇಲ್ಲದಾಗ ಒಬ್ಬರು ಆ ಕಡೆ ತುದಿ ಹಿಡಿದು, ಇನ್ನೊಬ್ಬರು ಈ ಕಡೆ ಎಳೆಯಿರಿ. ಎಳೀಬಾರ್ದು ಅನ್ನೋರು ಇದ್ದರೆ ಎರಡು ಸಲ ಎಳೆಯಿರಿ. ಖಾಲಿ ಕಾಯಿಲ್ ಕವರ್‌ಗಳನ್ನೂ ಉಳಿದ ತುಂಡುಗಳನ್ನೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ನಾನು ಆ ಐದು ಗೇಣು ತುಂಡುಗಳನ್ನು ಒಂದು ಕವರಿನಲ್ಲಿ ಹಾಕಿ ಇಟ್ಟಿದ್ದೇನೆ.

ಇಷ್ಟಾದರೂ ಬರೆಯುತ್ತಿರಲಿಲ್ಲವೇನೋ. ಮೊನ್ನೆ ಶಾಮನೂರು ಕಡೆ ಹೋಗುತ್ತಿದ್ದಾಗ ಒಂದು ಹೊಸ ಮನೆಯ ಸ್ಲ್ಯಾಬ್ ಮೇಲೆ ಅವನನ್ನೇ ಕಂಡೆ. ಕಬ್ಬಿಣದ ಮೇಲೆ ಕೂತು ಪೈಪ್ ಕಟ್ಟುತ್ತಿದ್ದ. ಗಾಡಿ ನಿಲ್ಲಿಸಿದೆ. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದ. ಕೆಳಗೆ ಗೌಂಡಿಯನ್ನು ಕೇಳಿದೆ, ಮನೆಯವರು ಸಂಜೆ ಆರರ ಮೇಲೆ ಬರ್ತಾರೆ ಅಂದ. ನಿನ್ನೆ ಹೋದೆ, ಸಿಗಲಿಲ್ಲ. ಇವತ್ತು ಸಂಜೆ ಮತ್ತೆ ಹೋಗುತ್ತೇನೆ. ಆ ಕವರನ್ನೂ ತಗೊಂಡು ಹೋಗುತ್ತೇನೆ.