ಡಿಸ್ಕ್, ಡಿಜಿಟಲ್ ಖರೀದಿ, ಕಳ್ಳಪ್ರತಿ: ಒಂದೇ ಚಿತ್ರವನ್ನು ಮೂರು ಬಗೆಯಲ್ಲಿ ನೋಡಿದ ಮೇಲೆ

ಒಮ್ಮೆ ನೋಡಿ ಮರೆಯುವ ಸಿನಿಮಾಗಳಿಗೆ ಬಾಡಿಗೆಯೋ ಚಂದಾದಾರಿಕೆಯೋ ಸಾಕು. ಹತ್ತು ವರ್ಷದ ನಂತರವೂ ಮತ್ತೆ ನೋಡಬೇಕೆನಿಸುವ ಚಿತ್ರವನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕೆಂಬುದು ಬೇರೆಯದೇ ಪ್ರಶ್ನೆ. ಅದಕ್ಕಿರುವ ಮೂರು ದಾರಿಗಳಲ್ಲೂ ನಾನು ನಡೆದು ನೋಡಿದ್ದೇನೆ. ಬಹುಪಾಲು ರಾತ್ರಿಯ ಹೊತ್ತಿನಲ್ಲಿ, ಸುರಿಯುವ ಮಳೆಯ ನಡುವೆ ಸಾಗುವ ಒಂದು ಚಿತ್ರ ನನಗೆ ಬಹಳ ಇಷ್ಟ. ವಿದ್ಯಾರ್ಥಿಯಾಗಿದ್ದಾಗ ಅದನ್ನು ಮೊದಲು ನೋಡಿದ್ದು ಗೆಳೆಯನೊಬ್ಬ ಕೊಟ್ಟ ಕಳ್ಳಪ್ರತಿಯಲ್ಲಿ. ಸಂಪಾದನೆ ಶುರುವಾದ ಮೇಲೆ ಆನ್‌ಲೈನ್ ಮಳಿಗೆಯೊಂದರಿಂದ ಅದನ್ನು ಕೊಂಡೆ. ಕೊನೆಗೆ ಅದರ 4ಕೆ ಬ್ಲೂ-ರೇ ಡಿಸ್ಕ್ ತರಿಸಿಕೊಂಡೆ.

ವ್ಯತ್ಯಾಸ ಮೊದಲು ಕಂಡದ್ದು ಕತ್ತಲಿನಲ್ಲಿ. ನಾಯಕಿ ದೀಪವಿಲ್ಲದ ಓಣಿಯಲ್ಲಿ ನಡೆದುಹೋಗುವ ದೃಶ್ಯ ಡಿಜಿಟಲ್ ಪ್ರತಿಯಲ್ಲಿ ಬಂದಾಗ, ಆಕಾಶದ ಕಪ್ಪು ನಯವಾಗಿ ಕರಗುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಪಟ್ಟೆಗಳಾಗಿ ಕಾಣುತ್ತಿತ್ತು. ಡಿಸ್ಕ್‌ನಲ್ಲಿ ಅದೇ ಕಪ್ಪಿನೊಳಗೆ ಗೋಡೆಯ ಇಟ್ಟಿಗೆಗಳು, ಒದ್ದೆಯಾದ ಬಟ್ಟೆಯ ನೆರಿಗೆಗಳು ಒಂದೊಂದಾಗಿ ತೆರೆದುಕೊಂಡವು. ಎರಡೂ 4ಕೆ ಎಂದೇ ಕರೆಸಿಕೊಳ್ಳುತ್ತವೆ. ಆದರೆ ಅಂತರ್ಜಾಲದಲ್ಲಿ ಹರಿದುಬರುವ 4ಕೆ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ನಷ್ಟು ಮಾಹಿತಿಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಬೇಕು. 100 ಗಿಗಾಬೈಟ್ ಹಿಡಿಯುವ ಡಿಸ್ಕ್ ಅಗತ್ಯಬಿದ್ದಾಗ 128 ಮೆಗಾಬಿಟ್‌ವರೆಗೂ ಹೋಗಬಲ್ಲದು. ಹೊಗೆ, ಮಳೆ, ಕತ್ತಲು, ಫಿಲ್ಮಿನ ಕಣ ಇಂಥವೇ ಸಂಕೋಚನದ, ಅಂದರೆ ಕಡತವನ್ನು ಚಿಕ್ಕದಾಗಿಸಲು ಮಾಹಿತಿಯನ್ನು ಕುಗ್ಗಿಸುವುದರ, ಏಟಿಗೆ ಮೊದಲು ಸಿಗುತ್ತವೆ. ಧ್ವನಿಯ ಕತೆಯೂ ಇದೇ: ಡಿಸ್ಕ್‌ನಲ್ಲಿರುವ ಡಾಲ್ಬಿ ಟ್ರೂಎಚ್‌ಡಿ ಎಂಬ ಧ್ವನಿ ರೂಪ ಮೂಲ ಧ್ವನಿಯಲ್ಲಿ ಏನನ್ನೂ ಕಳೆಯುವುದಿಲ್ಲ, ಸ್ಟ್ರೀಮಿಂಗ್‌ನಲ್ಲಿ ಬಳಸುವ ಡಾಲ್ಬಿ ಡಿಜಿಟಲ್ ಪ್ಲಸ್ ಒಂದಷ್ಟನ್ನು ಬಿಟ್ಟುಕೊಡುತ್ತದೆ. ಟಿವಿಯ ಸ್ವಂತ ಸ್ಪೀಕರಿನಲ್ಲಿ ಕೇಳುವವರಿಗೆ ಇದು ತಿಳಿಯಲಾರದು. ಒಳ್ಳೆಯ ಸ್ಪೀಕರುಗಳಿದ್ದರೆ, ತಗಡಿನ ಮೇಲೆ ಬೀಳುವ ಹನಿ ಮತ್ತು ಮಣ್ಣಿನ ಮೇಲೆ ಬೀಳುವ ಹನಿ ಬೇರೆ ಬೇರೆಯಾಗಿ ಕೇಳಿಸುತ್ತವೆ.

ಡಿಸ್ಕ್‌ನ ತೊಂದರೆಗಳೂ ಸಣ್ಣವಲ್ಲ. ಡಿವಿಡಿ ಮತ್ತು ಸಾಮಾನ್ಯ ಬ್ಲೂ-ರೇಗಳಿಗೆ ಪ್ರದೇಶ ಸಂಕೇತದ, ಅಂದರೆ ಗೊತ್ತುಪಡಿಸಿದ ಪ್ರದೇಶದ ಪ್ಲೇಯರಿನಲ್ಲಷ್ಟೇ ಓಡುವ, ಕಟ್ಟುಪಾಡಿರಬಹುದು. ಬೇರೆ ಪ್ರದೇಶದ ಡಿಸ್ಕ್ ತರಿಸಿ, ಅದು ನನ್ನ ಪ್ಲೇಯರಿನಲ್ಲಿ ಓಡದೆ ನಿರಾಶನಾಗಿದ್ದೇನೆ. 2016ರಲ್ಲಿ ಬಂದ 4ಕೆ ಡಿಸ್ಕ್‌ಗೆ ಈ ಕಟ್ಟುಪಾಡಿಲ್ಲ ಎಂಬುದು ದೊಡ್ಡ ಸಮಾಧಾನ. ಅದಕ್ಕಿಂತ ನನ್ನನ್ನು ಕಾಡುವುದು ಪ್ಲೇಯರುಗಳ ಭವಿಷ್ಯ. ಒಪ್ಪೊ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಈ ಕ್ಷೇತ್ರದಿಂದ ಹಿಂದೆ ಸರಿಯುವುದಾಗಿ ತಿಳಿಸಿದವು. ಡಿಸ್ಕ್ ಎಷ್ಟೇ ಬಾಳಿದರೂ ಅದನ್ನು ಓದುವ ಯಂತ್ರ ಸಿಗದಿದ್ದರೆ ಉಪಯೋಗವಿಲ್ಲವೆಂದು ನಾನು ಎರಡನೆಯ ಪ್ಲೇಯರೊಂದನ್ನು ಕೊಂಡು ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ಡಿಜಿಟಲ್ ಖರೀದಿಯ ಅನುಕೂಲವನ್ನು ಯಾರೂ ವಿವರಿಸಬೇಕಾಗಿಲ್ಲ. ಪ್ರಯಾಣದಲ್ಲಿ, ಮಲಗುವ ಮುನ್ನ, ಯಾವ ಪರದೆಯಲ್ಲಾದರೂ ಚಿತ್ರ ತೆರೆದುಕೊಳ್ಳುತ್ತದೆ. ವಿವರಿಸಬೇಕಾದದ್ದು ‘ಖರೀದಿ’ ಎಂಬ ಪದವನ್ನು. ಹಣ ಕೊಟ್ಟು ನಾವು ಪಡೆಯುವುದು ನೋಡುವ ಪರವಾನಗಿಯನ್ನು ಮಾತ್ರ, ಪ್ರತಿ ಮಳಿಗೆಯ ಬಳಿಯೇ ಉಳಿಯುತ್ತದೆ. ಡಿಜಿಟಲ್ ಸರಕು ಮಾರುವವರು ಈ ಸಂಗತಿಯನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಆರಂಭದಿಂದ ಜಾರಿಯಲ್ಲಿದೆ. ಚಿತ್ರಗಳ ಹಕ್ಕನ್ನು ಒಂದೆಡೆ ದಾಖಲಿಸಿಡಲು ಹಲವು ಸ್ಟುಡಿಯೋಗಳು ಸೇರಿ ನಡೆಸಿದ ಅಲ್ಟ್ರಾವಯೊಲೆಟ್ ಸೇವೆ 2019ರ ಜುಲೈ 31ರಂದು ಮುಚ್ಚಿತು.

ನನಗೆ ಆದ ಅನುಭವ ಇದಕ್ಕಿಂತ ಸದ್ದಿಲ್ಲದ್ದು. ಒಂದು ದಿನ ಆ ಮಳೆಯ ಚಿತ್ರವನ್ನು ತೆರೆದಾಗ ಬಣ್ಣ ಬೇರೆಯಾಗಿತ್ತು. ಬೀದಿದೀಪಗಳ ಹಳದಿ ಹೋಗಿ ತಣ್ಣನೆಯ ಹಸಿರು ಬಂದಿತ್ತು. ಮುಖಗಳ ಮೇಲಿನ ಕಣಗಳನ್ನು ಒರೆಸಿ ಚರ್ಮವನ್ನು ಮೇಣದಂತೆ ಮಾಡಲಾಗಿತ್ತು. ಹೊಸ ಆವೃತ್ತಿ ಹಳೆಯದರ ಜಾಗಕ್ಕೆ ಬಂದಿತ್ತು, ನನಗೆ ಯಾರೂ ಹೇಳಿರಲಿಲ್ಲ, ಹಳೆಯದನ್ನು ಮರಳಿ ಪಡೆಯುವ ದಾರಿಯೂ ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಇದೇ ವ್ಯವಸ್ಥೆಯಿಂದಾಗಿ ನಾನು ಎಚ್‌ಡಿಯಲ್ಲಿ ಕೊಂಡಿದ್ದ ಕೆಲವು ಚಿತ್ರಗಳು ಹೆಚ್ಚಿನ ಹಣವಿಲ್ಲದೆ 4ಕೆ ಆಗಿವೆ. ಲಾಭವಾಗಲಿ ನಷ್ಟವಾಗಲಿ, ತೀರ್ಮಾನ ಬೇರೆಯವರದು. ನಾನು ಡಿಸ್ಕ್‌ನತ್ತ ತಿರುಗಿದ್ದು ಆ ದಿನದಿಂದ.

ಇನ್ನು ಕಳ್ಳಪ್ರತಿ. ಅದರ ಗುಣಮಟ್ಟ ಯಾವಾಗಲೂ ಕೆಟ್ಟದಾಗಿರುತ್ತದೆ ಎಂದು ವಾದಿಸುವುದು ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ. ಡಿಸ್ಕ್‌ನಿಂದ ನೇರವಾಗಿ ತೆಗೆದ ಕಳ್ಳಪ್ರತಿ ಚಿತ್ರದಲ್ಲೂ ಧ್ವನಿಯಲ್ಲೂ ಡಿಸ್ಕ್‌ಗೆ ಸಮನಾಗಿರಬಲ್ಲದು, ಅದನ್ನು ದೂರದಿಂದ ಬದಲಿಸಲೂ ಯಾರಿಗೂ ಆಗುವುದಿಲ್ಲ. ನನಗೆ ಸಿಕ್ಕಿದ್ದು ಅಂಥದ್ದಲ್ಲ. ಚಿತ್ರಮಂದಿರದ ಪರದೆಯನ್ನು ಕ್ಯಾಮೆರಾದಲ್ಲಿ ಹಿಡಿದ ಆ ಪ್ರತಿಯಲ್ಲಿ ಜೂಜಿನ ಜಾಹೀರಾತು ಅಂಚಿನಲ್ಲಿ ಹಾದುಹೋಗುತ್ತಿತ್ತು, ಸಬ್‌ಟೈಟಲ್ ಮಾತಿಗಿಂತ ಎರಡು ಸೆಕೆಂಡು ಹಿಂದಿತ್ತು, ಮತ್ತು ಒಂದು ಇಡೀ ದೃಶ್ಯವೇ ಇರಲಿಲ್ಲ. ತಾಯಿ ಮಗಳನ್ನು ಕ್ಷಮಿಸುವ ಆ ದೃಶ್ಯವನ್ನು ನಾನು ನೋಡಿದ್ದು ವರ್ಷಗಳ ಬಳಿಕ. ಅಲ್ಲಿಯವರೆಗೂ ಚಿತ್ರದ ಕೊನೆಯನ್ನು ತಪ್ಪಾಗಿ ಅರ್ಥಮಾಡಿಕೊಂಡು, ಅದನ್ನೇ ನಾಲ್ಕು ಜನರೊಡನೆ ವಾದಿಸಿದ್ದೆ. ಇಂಥ ಕಡತಗಳ ಜೊತೆ ವೈರಸ್ಸುಗಳೂ ಬರುತ್ತವೆ.

ಒಳ್ಳೆಯ ಕಳ್ಳಪ್ರತಿಯನ್ನೂ ನಾನು ಬಿಟ್ಟದ್ದಕ್ಕೆ ಕಾರಣ ಬೇರೆ. ಕ್ರೈಟೀರಿಯನ್, ಆರೋ ಮುಂತಾದ ಸಂಸ್ಥೆಗಳು ಮೂಲ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿ ಶುದ್ಧಗೊಳಿಸಿದ ಹಳೆಯ ಚಿತ್ರಗಳನ್ನು ಡಿಸ್ಕ್‌ಗಳಲ್ಲಿ ಹೊರತರುತ್ತವೆ. ಮುಂದಿನ ಚಿತ್ರಕ್ಕೆ ಆ ಶ್ರಮ ಸಲ್ಲಬೇಕಾದರೆ ಈಗಿನದನ್ನು ಯಾರಾದರೂ ಕೊಳ್ಳಲೇಬೇಕು. ಎಲ್ಲಿಯೂ ಮಾರಾಟಕ್ಕಿಲ್ಲದ ಹಳೆಯ ಚಿತ್ರಗಳ ವಿಷಯದಲ್ಲಿ ಮಾತ್ರ ನನಗೆ ನಿಶ್ಚಿತವಾದ ಉತ್ತರ ಇನ್ನೂ ಸಿಕ್ಕಿಲ್ಲ. ನಾನು ಕಾಯುತ್ತೇನೆ, ಆದರೆ ಕಾಯದವರನ್ನು ಗದರಿಸಲು ಮನಸ್ಸು ಬರುವುದಿಲ್ಲ.

ಈಗ ಕತ್ತಲು ಮತ್ತು ಧ್ವನಿಯ ಮೇಲೆ ನಿಂತ ಚಿತ್ರಗಳನ್ನು ಡಿಸ್ಕ್‌ನಲ್ಲಿ ಕೊಳ್ಳುತ್ತೇನೆ. ಮಾತೇ ಪ್ರಧಾನವಾದ ಹಾಸ್ಯಚಿತ್ರಗಳಿಗೆ ಡಿಜಿಟಲ್ ಸಾಕಾಗಿದೆ. 100 ಗಿಗಾಬೈಟ್‌ನ ಡಿಸ್ಕ್‌ಗಳಲ್ಲಿ ಮಾಹಿತಿ ಒಂದರ ಮೇಲೊಂದಾಗಿ ಮೂರು ಪದರಗಳಲ್ಲಿರುವುದರಿಂದ, ಪದರ ಬದಲಾಗುವ ಕಡೆ ಕೆಲವು ಪ್ಲೇಯರುಗಳು ತಡವರಿಸಿ ನಿಂತುಬಿಡುತ್ತವೆ. ಆದ್ದರಿಂದ ಹೊಸ ಡಿಸ್ಕ್ ಬಂದ ವಾರದಲ್ಲೇ, ಬದಲಿ ಪಡೆಯುವ ಗಡುವು ಮುಗಿಯುವ ಮುನ್ನ, ಕೊನೆಯ ಹೆಸರುಪಟ್ಟಿಯವರೆಗೂ ಅದನ್ನು ಓಡಿಸಿ ನೋಡುತ್ತೇನೆ.