ಬಲೆ ನೋಡೋಕೆ ಟರಾಂಟುಲಾ ಸಾಕೋದಾದ್ರೆ ಯಾವುದು? ನನ್ನ ಓಟು ಜಿಬಿಬಿಗೆ

ಹುಬ್ಬಳ್ಳಿಯಲ್ಲಿ ನನ್ನದು ಅಕ್ರಿಲಿಕ್ ಕೆಲಸ. ಅಂಗಡಿಗಳ ನಾಮಫಲಕ ಮಾಡುತ್ತೇವೆ. ಮಿಕ್ಕ ತುಂಡುಗಳಲ್ಲಿ ಟರಾಂಟುಲಾ, ಅಂದರೆ ಮೈತುಂಬ ರೋಮದ ದೊಡ್ಡ ಜೇಡ, ಸಾಕುವವರಿಗೆ ಡಬ್ಬಿ ಮಾಡಿಕೊಡುತ್ತೇನೆ, ನಾನೂ ಸಾಕುತ್ತೇನೆ. ಡಬ್ಬಿ ಕೇಳಲು ಬರುವ ಹುಡುಗರದು ಮೊದಲ ಪ್ರಶ್ನೆ ಇದೇ: "ಅಣ್ಣಾ, ಛಲೋ ಬಲಿ ಕಟ್ಟೋದು ಯಾವ್ದರಿ?"

ಗ್ರೀನ್ ಬಾಟಲ್ ಬ್ಲೂ. ಸಾಕುವವರ ಬಾಯಲ್ಲಿ ಜಿಬಿಬಿ. ಬೇರೆ ಉತ್ತರ ನನ್ನ ಹತ್ತಿರ ಇಲ್ಲ.

ಇದರ ಊರು ವೆನೆಜುವೆಲಾದ ಪರಾಗ್ವಾನಾ ಪರ್ಯಾಯ ದ್ವೀಪ. ಒಣ ಹವೆ, ಮುಳ್ಳುಕಂಟಿ, ಮಳೆ ಕಡಿಮೆ. ಅಲ್ಲಿ ಪೊದೆಗಳ ಬೇರಿನ ಸಂದಿಯಲ್ಲಿ ಬಲೆ ಕಟ್ಟಿಕೊಂಡು ಇರುತ್ತದೆ. ಬೆಳೆದ ಮೇಲೆ ಕಾಲು ಕಡುನೀಲಿ, ಬೆನ್ನಿನ ಚಿಪ್ಪು ಹಸಿರು, ಹೊಟ್ಟೆ ಕಿತ್ತಳೆ. ಮರಿಯಲ್ಲಿ ಹೊಟ್ಟೆಯ ಮೇಲೆ ಹುಲಿಪಟ್ಟೆ ಇರುತ್ತದೆ, ಪೊರೆ ಬಿಡುತ್ತಾ ಹೋದಂತೆ ಅಳಿಸುತ್ತದೆ. ಈ ಬಣ್ಣ ನೋಡಿಯೇ ಎಷ್ಟೋ ಜನ ತರುತ್ತಾರೆ. ನನಗೆ ಮುಖ್ಯ ಬಲೆ.

ರಾತ್ರಿ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದ ಮೇಲೆ ಮಂದ ಬೆಳಕಿನಲ್ಲಿ ನೋಡುತ್ತಾ ಕೂರುತ್ತೇನೆ. ಹೊಟ್ಟೆಯ ತುದಿಯಲ್ಲಿ ಎರಡು ಉದ್ದನೆಯ ನೂಲಿನ ಅಂಗಗಳಿವೆ, ಥೇಟ್ ಪುಟ್ಟ ಬೆರಳುಗಳು. ಜೇಡ ಹೊಟ್ಟೆಯನ್ನು ಎಡಕ್ಕೆ ವಾಲಿಸಿ ಅವುಗಳ ತುದಿಯನ್ನು ಅಕ್ರಿಲಿಕ್ಕಿಗೆ ಒತ್ತುತ್ತದೆ. ಎತ್ತಿ ಬಲಕ್ಕೆ ಒಯ್ದು ಕಡ್ಡಿಗೆ ಒತ್ತುತ್ತದೆ. ಮತ್ತೆ ಎಡಕ್ಕೆ. ಒಂದೊಂದು ಎಳೆಯೂ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ನೋಡಿದರೆ ಆ ಮೂಲೆಯಲ್ಲಿ ತೆಳ್ಳಗೆ ಬಿಳಿ ಪರದೆ ಬಂದಿರುತ್ತದೆ. ಪರದೆ ದಪ್ಪವಾಗುತ್ತದೆ, ಅದರೊಳಗೆ ಸುರಂಗ ಆಗುತ್ತದೆ, ಸುರಂಗಕ್ಕೆ ಎರಡು ಬಾಯಿ ಬರುತ್ತವೆ, ಕೊನೆಗೆ ಮುಚ್ಚಳದವರೆಗೂ ನೂಲು. ನೀರಿನ ಬಟ್ಟಲನ್ನೂ ಬಿಡುವುದಿಲ್ಲ. ಜೇಡ ಮಣ್ಣು ಮುಟ್ಟದೆ ಇಡೀ ಡಬ್ಬಿ ಓಡಾಡುತ್ತದೆ. ಇನ್ನೊಂದು ಒಳ್ಳೆಯ ಗುಣ ಅಂದರೆ ಇದು ಬಲೆ ಕಟ್ಟಿ ಅಡಗಿ ಕೂರುವುದಿಲ್ಲ. ಮರಿ ಸ್ವಲ್ಪ ನಾಚಿಕೆಯದು, ಆದರೆ ದೊಡ್ಡದಾದ ಮೇಲೆ ಬಲೆಯ ಮೇಲೆಯೇ ಕೂತಿರುತ್ತದೆ, ಮನೆಗೆ ಬಂದವರಿಗೂ ಕಾಣುತ್ತದೆ.

ಆದರೆ ಬಲೆ ಬೇಕು ಅಂದರೆ ಕಟ್ಟಲು ಆಧಾರ ಕೊಡಬೇಕು, ಅಲ್ವಾ? ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ನಡುವೆ ಒಂದು ಕರಟ ಇಟ್ಟು, "ಬಲೇನೇ ಕಟ್ತಿಲ್ಲ" ಎನ್ನುವವರು ಬಹಳ. ಒಣ ಟೊಂಗೆಗಳನ್ನು ಓರೆಯಾಗಿ ನಿಲ್ಲಿಸಿ, ಒಂದಕ್ಕೊಂದು ದಾಟುವ ಹಾಗೆ. ಔಷಧಿ ಹೊಡೆದ ಹೊಲದ ಕಡ್ಡಿ ಮಾತ್ರ ಬೇಡ, ಕೀಟನಾಶಕ ಜೇಡವನ್ನೂ ಕೊಲ್ಲುತ್ತದೆ. ಡಬ್ಬಿಯ ಎರಡೂ ಬದಿ ಸಣ್ಣ ತೂತು ಇರಲಿ, ಗಾಳಿ ಆಚೆಯಿಂದ ಈಚೆ ಹಾಯಬೇಕು. ಕಬ್ಬಿಣದ ಜಾಲರಿ ಹಾಕಬೇಡಿ, ಉಗುರು ಸಿಕ್ಕಿಕೊಂಡು ಕಾಲು ಕಳಚಬಹುದು. ಅಕ್ರಿಲಿಕ್ ಹಾಳೆಗಳನ್ನು ನಾವು ಕ್ಲೋರೋಫಾರ್ಮ್‌ನಿಂದ ಅಂಟಿಸುತ್ತೇವೆ. ಆ ವಾಸನೆ ಪೂರ್ತಿ ಹೋಗುವವರೆಗೆ ನಾನು ಡಬ್ಬಿ ಕೊಡುವುದೇ ಇಲ್ಲ, ಗಿರಾಕಿ ಎಷ್ಟೇ ಅವಸರ ಮಾಡಲಿ.

ನಮ್ಮ ಕಡೆ ಕಷ್ಟ ಇರುವುದು ಮಳೆಗಾಲದಲ್ಲಿ. ಗದಗದವರಿಗೆ ಅಷ್ಟಿಲ್ಲ. ಧಾರವಾಡದಲ್ಲಿ ಜುಲೈ ತಿಂಗಳ ಜಿಟಿಜಿಟಿ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಡಬ್ಬಿಯ ಮಣ್ಣು ಹೇಗೆ ಒಣಗೀತು? ಜಿಬಿಬಿಗೆ ಒದ್ದೆ ಮಣ್ಣು ಆಗಿಬರುವುದಿಲ್ಲ. ಆ ದಿನಗಳಲ್ಲಿ ಬಟ್ಟಲಿನ ನೀರೊಂದು ಸಾಕು, ಸ್ಪ್ರೇ ಬಾಟಲಿ ಪಕ್ಕಕ್ಕಿಡಿ. ತಿಂದು ಬಿಟ್ಟ ಜಿರಲೆ ಚೂರನ್ನು ಉದ್ದ ಚಿಮಟದಿಂದ ತೆಗೆಯಿರಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಆದರೆ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಬಲೆ ಕೀಳಬೇಡಿ. ಅದು ಅದರ ಮನೆ.

ಇನ್ನು ಉಳಿದವು. ಓಬಿಟಿ, ಅಂದರೆ ಆಫ್ರಿಕಾದ ಕಿತ್ತಳೆ ಬಬೂನ್ ಜೇಡ, ಬಲೆಯಲ್ಲಿ ಜಿಬಿಬಿಗೆ ಸರಿಸಮ. ಆದರೆ ವಿಪರೀತ ವೇಗ, ಸಿಟ್ಟು ಜಾಸ್ತಿ, ಕಚ್ಚಿದರೆ ನೋವು ಜೋರು. ಮನೆಯಲ್ಲಿ ಮಕ್ಕಳಿದ್ದರೆ ನಾನು ಅದಕ್ಕೆ ಡಬ್ಬಿಯನ್ನೇ ಮಾಡಿಕೊಡುವುದಿಲ್ಲ. ಯೆಮನ್‌ನ ಸೊಕೋತ್ರಾ ದ್ವೀಪದ ಬಾಲ್ಫೋರಿ ಅಪರೂಪದ ಜೀವಿ. ತಾಯಿ, ಮರಿ ಎಲ್ಲ ಒಂದೇ ಡಬ್ಬಿಯಲ್ಲಿ ಕೂಡಿ ಬಾಳುತ್ತವೆ, ಎಲ್ಲ ಸೇರಿ ಬಲೆ ಕಟ್ಟುತ್ತವೆ. ನೋಡಲು ಎರಡು ಕಣ್ಣು ಸಾಲದು. ಇದರ ವಿಷವೂ ಜೋರೇ, ಅನುಭವ ಆದ ಮೇಲೆ ತನ್ನಿ. ಜಾಗ ಕಡಿಮೆ ಇದ್ದವರಿಗೆ ಬ್ರೆಜಿಲ್‌ನ ಕುಳ್ಳ ನೀಲಿ ಜೇಡ ಡಯಾಮಂಟಿನೆನ್ಸಿಸ್ ಚೆನ್ನ. ಅವಿಕ್ಯುಲೇರಿಯಾ ಅನ್ನುವುದು ಮರದ ಮೇಲೆ ಇರುವ ಜೇಡ, ಎತ್ತರದಲ್ಲಿ ಕೊಳವೆಯಂಥ ಬಲೆ ಕಟ್ಟುತ್ತದೆ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮುಚ್ಚಿದ ಒದ್ದೆ ಡಬ್ಬಿಯಲ್ಲಿ ಮರಿಗಳು ಸುಮ್ನೆ ಸಾಯುತ್ತವೆ, ನೋಡಿದರೆ ಕರುಳು ಚುರ್ ಎನ್ನುತ್ತದೆ.

ನಮ್ಮ ದೇಶದ ನೀಲಿ ಜೇಡವನ್ನೂ ಕೆಲವರು ಕೇಳುತ್ತಾರೆ. 1899ರಲ್ಲಿ ಅದು ಮೊದಲು ದಾಖಲಾಗಿದ್ದು ನಮ್ಮ ಗುಂತಕಲ್ ಮಾರ್ಗದ ಆಚೆಗಿರುವ ಗುತ್ತಿಯಲ್ಲಿ, ಹೆಸರೇ ಗುತ್ತಿ ಟರಾಂಟುಲಾ. ಇರುವ ಕಾಡು ಬಹಳ ಚಿಕ್ಕದು, ಅದೂ ಹಾಳಾಗುತ್ತಿದೆ. ಈ ಜಾತಿಯ ಇಡೀ ಕುಲ 2019ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಪಟ್ಟಿಯಲ್ಲಿದೆ. ಕಾಡಿನಿಂದ ಹಿಡಿದು ತಂದದ್ದನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಸೈಟಿಸ್ ಪಟ್ಟಿಯ ಜೀವಿ ಸಾಕುವವರು ನೋಂದಣಿ ಮಾಡಿಸಬೇಕು. ಹಾಗಾಗಿ ಯಾವುದೇ ಜಾತಿ ಕೊಳ್ಳುವ ಮೊದಲು ಕಾಗದಪತ್ರ ಕೇಳಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಜಿಬಿಬಿಯಲ್ಲಿ ದೂರು ಇಲ್ಲವೇ? ಇದೆ. ಹೆದರಿದರೆ ಹೊಟ್ಟೆಯ ಮೇಲಿನ ರೋಮ ಉದುರಿಸುತ್ತದೆ, ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಅಪಾಯ. ಮುಚ್ಚಳಕ್ಕೂ ನೂಲು ಹೆಣೆದಿರುವುದರಿಂದ ಪ್ರತಿ ಸಲ ತೆಗೆದಾಗ ಸ್ವಲ್ಪ ಹರಿಯುತ್ತದೆ. ಅದಕ್ಕೇ ನಾನೀಗ ಮೇಲೆ ಮುಚ್ಚಳ ಬಿಟ್ಟು ಮುಂದುಗಡೆ, ಬುಡದ ಹತ್ತಿರ, ಬಟ್ಟಲು ಹಿಡಿಸುವಷ್ಟು ಪುಟ್ಟ ಬಾಗಿಲು ಇಡುತ್ತೇನೆ. ನೀರು, ಊಟ ಎರಡಕ್ಕೂ ಅಷ್ಟು ಸಾಕು. ಕೊಳ್ಳುವಾಗ ಕೊನೆಯ ಪೊರೆ ಯಾವಾಗ ಬಿಟ್ಟಿತು, ಕೊನೆಗೆ ಯಾವಾಗ ತಿಂದಿತು ಎಂದು ಕೇಳಿ. ಬಿಟ್ಟ ಪೊರೆ ಇಟ್ಟಿದ್ದರೆ ಅದನ್ನೂ ಕೇಳಿ ತನ್ನಿ, ಹೆಣ್ಣೋ ಗಂಡೋ ಅದರಲ್ಲಿ ತಿಳಿಯುತ್ತದೆ. ಗಂಡು ಬೇಗ ಮುದಿಯಾಗುತ್ತದೆ, ಹೆಣ್ಣು ಹತ್ತು ವರ್ಷ ದಾಟಿಯೂ ಬಲೆ ಕಟ್ಟುತ್ತಿರುತ್ತದೆ.